ಹಿಂದೆ ಖಾಲಿ ಬರ್ತದೆ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಏಳನೆಯ ತರಗತಿ ಮುಗಿಸಿ. ಅಪ್ಪ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಆ ವರ್ಷ ಮುಚ್ಚಿತು. ನಾನು ಬಸ್ಸು ತೊಳೆಯಲು ಹೋದೆ. ತೊಳೆದು ತೊಳೆದು ಕಂಡಕ್ಟರನಾದೆ. ಅಲ್ಲಿಂದ ಈಚೆಗೆ ನನ್ನ ಬದುಕು ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್, ಸುರತ್ಕಲ್‌ನಿಂದ ಸ್ಟೇಟ್‌ಬ್ಯಾಂಕ್. ಇದನ್ನು ನಾನು ಸಂಕೋಚಪಟ್ಟು ಹೇಳುತ್ತಿಲ್ಲ. ಇಂಜಿನಿಯರುಗಳಾಗಿ ಹೋದ ಎಷ್ಟೋ ಮಕ್ಕಳನ್ನು ಕಾಲೇಜಿನ ಗೇಟಿಗೆ ಮುಟ್ಟಿಸಿದವನು ನಾನು. ಅವರು ಪಾಸಾದದ್ದರಲ್ಲಿ ನನ್ನ ಕೈಯೂ ಸ್ವಲ್ಪ ಇದೆಯೆಂದು ನನ್ನ ಅಭಿಪ್ರಾಯ. ತಡವಾಗಿ ಮುಟ್ಟಿ ನಪಾಸಾದವರೂ ಇರಬಹುದು. ಅದನ್ನು ಡ್ರೈವರನ ಲೆಕ್ಕಕ್ಕೆ ಹಾಕಿಕೊಳ್ಳಿ.

ಮೊನ್ನೆ ಬೆಳಗಿನ ಟ್ರಿಪ್ಪಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಹತ್ತಿಸಿದರು. ಐಸ್ ಕರಗಿ ನೀರು ಸೀಟುಗಳ ಅಡಿಯಲ್ಲಿ ಸಣ್ಣ ಹೊಳೆಯಾಗಿ ಹಿಂದಕ್ಕೆ ಹರಿಯಿತು. ಬಿಳಿ ಬೂಟು ಹಾಕಿದ ಹುಡುಗನೊಬ್ಬ ಕಾಲನ್ನೂ ಎತ್ತಿದ, ಮೂಗನ್ನೂ ಮುಚ್ಚಿದ. ಅವನದು ತಪ್ಪಲ್ಲ. ಆದರೆ ನನಗೆ ಆ ವಾಸನೆ ಬಂದದ್ದೇ ಅಂಡಮಾನ್ ನೆನಪಾಯಿತು. ಕ್ಯಾಲೆಂಡರಿನಲ್ಲಿ ನೋಡಿದವರಿಗೆ ಅಂಡಮಾನ್ ಎಂದರೆ ನೀಲಿ ನೀರು, ಬಿಳಿ ಮರಳು. ನನಗೆ ಮೀನಿನ ಐಸಿನ ನೀರು. ಯಾಕೆ ಎಂದು ಹೇಳುತ್ತೇನೆ, ನಿಮಗೆ ಇಳಿಯುವ ಅವಸರವಿಲ್ಲದಿದ್ದರೆ.

ಕಳೆದ ವರ್ಷ ನಮ್ಮ ಮಗಳು ಶ್ರುತಿ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ಒಂದು ಸಂಜೆ ಬಂದು, "ಅಪ್ಪ, ನೀವು ಅಮ್ಮ ಅಂಡಮಾನಿಗೆ ಹೋಗಿ ಬನ್ನಿ. ಟಿಕೆಟ್ ನಾನು ಮಾಡ್ತೇನೆ" ಎಂದಳು.

"ಸಮುದ್ರ ನೋಡ್ಲಿಕ್ಕೆ ವಿಮಾನದಲ್ಲಿ ಹೋಗುದಾ? ಪಣಂಬೂರಿನಲ್ಲಿ ಇರುವುದು ಎಂತ, ಕೆರೆಯಾ?" ಎಂದೆ.

"ನನ್ನತ್ರ ಕೇಳ್ಬೇಡಿ. ಅಮ್ಮನತ್ರ ಕೇಳಿ."

ಅಮ್ಮ ಎಂದರೆ ನನ್ನ ಹೆಂಡತಿ ವಾರಿಜ. ಮೊರದಲ್ಲಿ ಬೀಡಿ ಕಟ್ಟುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಅಲ್ಲಿ ಅಡಿಯಲ್ಲಿ ಗಾಜು ಇರುವ ದೋಣಿ ಉಂಟಂತೆ. ಕೂತಲ್ಲಿಂದಲೇ ನೀರೊಳಗಿನ ಮೀನು ಕಾಣ್ತದಂತೆ. ಈ ಮನೆಗೆ ಬಂದ ಮೇಲೆ ಎಷ್ಟು ಬಂಗುಡೆ ಕತ್ತರಿಸಿದ್ದೇನೆ ನಾನು! ಒಂದು ಸಲ ಅದು ಬದುಕಿರುವಾಗ ಹೇಗಿರ್ತದೆ ಅಂತ ನೋಡ್ಬೇಕು."

ವಾರಿಜ ಬೇಕೆಂದು ಕೇಳುವ ಜಾತಿಯ ಹೆಂಗಸಲ್ಲ. ಹಬ್ಬಕ್ಕೆ ಸೀರೆ ತಂದರೆ ಉಡುತ್ತಾಳೆ, ತರದಿದ್ದರೆ ಹಳೆಯದಕ್ಕೆ ಇಸ್ತ್ರಿ ಹಾಕುತ್ತಾಳೆ. ಅವಳು ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಹಾಗಾಗಿ ನಾನು ಪಣಂಬೂರಿನ ಮಾತನ್ನು ಅಲ್ಲಿಗೇ ಬಿಟ್ಟೆ.

"ಅಲ್ಲಿ ತಿರುಗಾಡ್ಲಿಕ್ಕೆ ಎಲ್ಲರೂ ಸ್ಕೂಟರ್ ಬಾಡಿಗೆಗೆ ತೆಗೊಳ್ತಾರೆ. ನಿಮಗೆ ಬರುದಿಲ್ಲ. ನಾನು ಜೀಪ್ ಬುಕ್ ಮಾಡ್ತೇನೆ" ಎಂದಳು ಶ್ರುತಿ.

"ಬಸ್ ಇಲ್ವಾ?"

"ಒಂದು ಉಂಟಂತೆ."

"ಮತ್ತೆ ಎಂತಕ್ಕೆ ಜೀಪು? ಬಸ್ ಇರುವ ಊರಿನಲ್ಲಿ ನಿನ್ನ ಅಪ್ಪನಿಗೆ ಬೇರೆಯವರ ಗಾಡಿ ಬೇಡ."

ಅವಳು 'ಒಂದು' ಎಂದದ್ದು ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

ನನ್ನ ಈ ಠೇಂಕಾರಕ್ಕೆ ಕಾರಣವಿದೆ. ನನಗೆ ಸ್ವಂತ ವಾಹನ ಇಲ್ಲ, ಸೈಕಲ್ ಕೂಡ ಇಲ್ಲ. ಆದರೆ ಮಂಗಳೂರಿನಲ್ಲಿ ಯಾವ ಬಸ್ಸನ್ನು ಹತ್ತಿದರೂ ನನಗೆ ಟಿಕೆಟ್ ಇಲ್ಲ. 'ಸ್ಟಾಫ್' ಎಂದರೆ ಮುಗಿಯಿತು. ಅಷ್ಟೂ ಹೇಳಬೇಕಾಗಿಲ್ಲ, ಮುಖ ನೋಡಿಯೇ ಕಂಡಕ್ಟರ್ ಮುಂದೆ ಹೋಗುತ್ತಾನೆ. ಊರಿನ ಬಸ್ಸುಗಳೆಲ್ಲ ನನ್ನವೇ ಎಂಬ ಹಾಗೆ ಇದ್ದವನಿಗೆ ಒಂದು ಸ್ಕೂಟರ್ ಯಾವ ಲೆಕ್ಕ? ಯಾರದಾದರೂ ಬೈಕಿನ ಹಿಂದೆ ಚೀಲದ ಹಾಗೆ ಕುಳಿತು ಹೋಗುವುದಂತೂ ನನಗೆ ಆಗಿ ಬಾರದು. ಕೈ ತೋರಿಸಿದವರನ್ನು ಹತ್ತಿಸುವುದು ನನ್ನ ಕೆಲಸ. ನಾನೇ ಕೈ ತೋರಿಸುವುದು ಎಂದರೆ, ಅದು ಬೇರೆಯೇ ಮಾತು.

ಪೋರ್ಟ್‌ಬ್ಲೇರಿನಿಂದ ಹಡಗು ಹತ್ತಿ ನಾವು ಇಳಿದದ್ದು ಒಂದು ಸಣ್ಣ ದ್ವೀಪದಲ್ಲಿ. ನಮ್ಮ ಲಾಡ್ಜು ಹಡಗುಕಟ್ಟೆಯ ಪಕ್ಕ; ಗಾಜಿನ ದೋಣಿ ದ್ವೀಪದ ಇನ್ನೊಂದು ತುದಿಯಲ್ಲಿ. ದೋಣಿ ಬೆಳಗ್ಗೆ ಮಾತ್ರ ಹೊರಡುತ್ತದೆ. ಗಾಳಿ ಎದ್ದ ಮೇಲೆ ನೀರು ಕಲಕಿ ಏನೂ ಕಾಣುವುದಿಲ್ಲವಂತೆ. ನಮಗೆ ಅಲ್ಲಿ ಇದ್ದದ್ದು ಎರಡು ಬೆಳಗು.

ಮೊದಲ ಬೆಳಗ್ಗೆ ರಸ್ತೆ ಬದಿಯಲ್ಲಿ ನಿಂತೆವು. ಎಳನೀರು ಮಾರುವ ಒಬ್ಬ ಹೆಂಗಸು, ಎರಡು ನಾಯಿ, ನಾವು. ಬಸ್ಸು ಬಂತು. ಒಳಗೆ ಜನ, ಕೋಳಿ, ಅಕ್ಕಿ ಮೂಟೆ. ಬಾಗಿಲಲ್ಲಿ ಜೋತಾಡುವವರು ಬೇರೆ. ವಾರಿಜ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಗೆ ಕಾಲು ಇಟ್ಟಳು. ನಾನು ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ.

"ಇದು ರಶ್ ಉಂಟು. ಬಿಡು. ಹಿಂದೆ ಖಾಲಿ ಬರ್ತದೆ."

ನೀವು ಮಂಗಳೂರಿನವರಾದರೆ ಇದರಲ್ಲಿ ತಪ್ಪು ಕಾಣುವುದಿಲ್ಲ. ನಮ್ಮಲ್ಲಿ ತುಂಬಿದ ಬಸ್ಸಿನ ಬೆನ್ನಿಗೇ ಖಾಲಿ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತದೆ. ಮುಂದಿನದು ಜನ ಹೆಕ್ಕುತ್ತದೆ, ಹಿಂದಿನದು ಅದನ್ನು ಹಿಂದೆ ಹಾಕಲು ನೋಡುತ್ತದೆ. ನಾನು ನಿರಾಳವಾಗಿ ಬಾಗಿಲಿನ ಪಕ್ಕಕ್ಕೆ ಎರಡು ಪೆಟ್ಟು ಬಡಿದು, "ರೈಟ್!" ಎಂದು ಆ ಬಸ್ಸನ್ನು ನಾನೇ ಕಳಿಸಿಕೊಟ್ಟೆ. ಅಲ್ಲಿಯ ಕಂಡಕ್ಟರ್ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡುತ್ತಾ ಹೋದ.

ಬಿಸಿಲು ಏರಿತು. ನಾಯಿಗಳು ನೆರಳಿಗೆ ಹೋದವು. ಕೊನೆಗೆ ಎಳನೀರಿನ ಹೆಂಗಸೇ ಕನಿಕರಪಟ್ಟು, ಯಾರಿಗೆ ಕಾಯುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದಳು. ಬಸ್ಸಿಗೆ ಎಂದೆ. ಹೋಯಿತಲ್ಲ ಎಂದಳು. ಹಿಂದಿನ ಬಸ್ಸಿಗೆ ಎಂದೆ. ಅವಳಿಗೆ ಅರ್ಥವೇ ಆಗಲಿಲ್ಲ. ಈ ರಸ್ತೆಗೆ ಇರುವುದು ಒಂದೇ ಬಸ್ಸು. ಅದೇ ಹೋಗಿ ಅದೇ ತಿರುಗಿ ಬರಬೇಕು, ಅದೂ ಮಧ್ಯಾಹ್ನ ಕಳೆದು.

ಅಂದಿನ ದೋಣಿ ಹೋಯಿತು. ವಾರಿಜ ಬೈದಿದ್ದರೆ ನನ್ನ ಹತ್ತಿರ ಉತ್ತರವಿತ್ತು. ಬೈಗಳಿಗೆ ಉತ್ತರ ಕೊಟ್ಟೇ ಹೊಟ್ಟೆ ಹೊರೆದವನು ನಾನು. ಅವಳು ಬೈಯಲಿಲ್ಲ. ಎರಡು ಎಳನೀರು ತೆಗೆದುಕೊಂಡು, "ನೀವೂ ಕುಡಿಯಿರಿ, ಬಾಯಿ ಒಣಗಿರ್ಬಹುದು" ಎಂದಳು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಸಂಜೆ ನಾನೊಬ್ಬನೇ ಪೇಟೆಗೆ ಹೋಗಿ ಜೀಪಿನವರನ್ನು ಕೇಳಿದೆ. ಮರುದಿನಕ್ಕೆ ಇದ್ದ ಜೀಪುಗಳನ್ನೆಲ್ಲ ಯಾವುದೋ ಮದುವೆಯ ತಂಡದವರು ಮೊದಲೇ ಹಿಡಿದಿದ್ದರು. ಸ್ಕೂಟರ್ ಬಾಡಿಗೆಗೆ ಕೊಡುವ ಅಂಗಡಿಯ ಎದುರು ಸ್ವಲ್ಪ ಹೊತ್ತು ನಿಂತೆ. ಲಾಡ್ಜಿಗೆ ಬಂದು, "ಒಂದು ಗಂಟೆ ಕಲಿತರೆ ಬರ್ಬಹುದು" ಎಂದೆ.

"ನೀವು ಬಿಡುವ ಸ್ಕೂಟರಿನಲ್ಲಿ ಕೂತರೆ ನಾನು ನೋಡುವುದು ಮೀನನ್ನಲ್ಲ, ಯಮನನ್ನು" ಎಂದಳು ವಾರಿಜ. ಅಷ್ಟಾದರೂ ಮಾತಾಡಿದಳಲ್ಲ ಎಂದು ನನಗೆ ಊಟ ರುಚಿಸಿತು.

ಎರಡನೆಯ ಬೆಳಗ್ಗೆ ಎಳನೀರಿನವಳಿಗಿಂತ ಮೊದಲೇ ನಾವು ಹೋಗಿ ನಿಂತೆವು. ಛಾವಣಿಯ ಮೇಲೆ ಕೂರಬೇಕಾದರೂ ಸರಿ, ಹತ್ತುವುದೇ ಎಂದು ತೀರ್ಮಾನಿಸಿದ್ದೆ. ಬಸ್ಸೇ ಬರಲಿಲ್ಲ. ಎಳನೀರಿನವಳು ಬಂದವಳೇ ಸುದ್ದಿ ಕೊಟ್ಟಳು: ಬಸ್ಸಿಗೆ ಏನೋ ಕೆಟ್ಟಿದೆ, ಮಧ್ಯಾಹ್ನದೊಳಗೆ ಸರಿಯಾಗಬಹುದು.

ಮರುದಿನ ಬೆಳಗ್ಗೆಯೇ ನಮ್ಮ ಹಡಗು. ಇನ್ನೊಂದು ಬೆಳಗು ಇರಲಿಲ್ಲ.

ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು. ಯಾರನ್ನಾದರೂ ಕೇಳಬೇಕು. ನಾನು ಕೇಳಲು ಹೊರಟೆ. ಹೊರಟೆ ಎಂದರೆ, ರಸ್ತೆಯ ಅಂಚಿಗೆ ಬಂದು ನಿಂತೆ. ಒಂದು ಕಾರು ಹೋಯಿತು, ಒಂದು ನೀರಿನ ಟ್ಯಾಂಕರ್ ಹೋಯಿತು. ನನ್ನ ಕೈ ಸೊಂಟದ ಹತ್ತಿರ ಸ್ವಲ್ಪ ಅಲ್ಲಾಡಿ ಸುಮ್ಮನಾಯಿತು. ದಿನವಿಡೀ ಕಂಬಿ ಹಿಡಿಯುವ ಕೈ, ಓಡುವ ಬಸ್ಸಿನಿಂದ ಅಜ್ಜಿಯಂದಿರನ್ನು ಎತ್ತಿ ಇಳಿಸಿದ ಕೈ. ಅದು ಒಂದು ಗೇಣು ಮೇಲೆ ಹೋಗಲು ಒಪ್ಪಲಿಲ್ಲ.

"ಎಂತ, ನೊಣ ಓಡಿಸುದಾ?" ಎಂದಳು ವಾರಿಜ ಹಿಂದಿನಿಂದ. "ಅಲ್ಲಿ ಕೈ ಇಟ್ರೆ ಯಾರಿಗೆ ಕಾಣ್ತದೆ? ಸರಿ ಎತ್ತಿ ಮಾರಾಯ್ರೆ."

"ನಿಲ್ಲಿಸದಿದ್ರೆ?"

"ನಿಲ್ಲಿಸದಿದ್ರೆ ಹೋಗ್ತಾರೆ. ನೀವು ಎಷ್ಟು ಜನರನ್ನು ಬಿಟ್ಟು ಹೋಗ್ಲಿಲ್ಲ? ಅವರೆಂತ ಸತ್ತುಹೋದ್ರಾ?"

ತಿರುವಿನಲ್ಲಿ ಒಂದು ಪಿಕಪ್ ಕಾಣಿಸಿತು. ಶಾಲೆಯಲ್ಲಿ ಉತ್ತರ ಗೊತ್ತಿದ್ದಾಗಲೂ ಎತ್ತದವನು, ಕೈಯನ್ನು ಭುಜಕ್ಕಿಂತ ಮೇಲೆ ಎತ್ತಿದೆ.

ಪಿಕಪ್ ನಿಂತಿತು. ಮೀನು ಸಾಗಿಸುವ ಗಾಡಿ. ಹಿಂದೆ ಐಸ್ ಪೆಟ್ಟಿಗೆಗಳು. ಡ್ರೈವರ್ ಬಂಗಾಳಿ, ಬಿಮಲ್ ಎಂದು ಹೆಸರು, ಬಾಯಿ ತುಂಬಾ ಎಲೆಯಡಿಕೆ. ಕೇಳಿದರೆ ತಿಳಿಯುತ್ತದೆ, ಆದರೆ ಆಡುವ ನನ್ನ ಹಿಂದಿ 'ಆಗೇ ಬಢೋ', 'ಚಿಲ್ಲರ್ ದೋ' ಇಷ್ಟರಲ್ಲೇ ಮುಗಿಯುವಂಥದ್ದು. ಹೆಂಡತಿಯನ್ನು ತೋರಿಸಿದೆ, ಸಮುದ್ರದ ಕಡೆ ತೋರಿಸಿದೆ, ಅಂಗೈಯನ್ನು ಮೀನಿನ ಹಾಗೆ ಆಡಿಸಿದೆ. ಅವನು ನಕ್ಕು ಬಾಗಿಲು ತೆರೆದ. ಮುಂದೆ ಒಬ್ಬರಿಗೇ ಜಾಗ. ವಾರಿಜ ಮಹಾರಾಣಿಯ ಹಾಗೆ ಹತ್ತಿ ಕುಳಿತಳು. ನಾನು ಹಿಂದೆ, ಪೆಟ್ಟಿಗೆಗಳ ನಡುವೆ, ಕಂಬಿ ಹಿಡಿದು ನಿಂತೆ. ಐಸಿನ ನೀರು ಚಪ್ಪಲಿಯೊಳಗೆ ನುಗ್ಗಿತು.

ದಾರಿಯಲ್ಲಿ ಇನ್ನೂ ಕೆಲವರು ಕೈ ತೋರಿಸಿದರು. ಬಸ್ಸಿಲ್ಲದ ದಿನ ಅಲ್ಲಿ ಎಲ್ಲರೂ ಹಾಗೆಯೇ ಹೋಗುವುದಂತೆ. ಕೇಳುವುದರಲ್ಲಿ ಯಾರಿಗೂ ಮುಜುಗರವಿಲ್ಲ, ನಿಲ್ಲಿಸುವುದರಲ್ಲಿ ಉಪಕಾರವೂ ಇಲ್ಲ. ಒಬ್ಬ ಮೇಷ್ಟ್ರು ಹತ್ತಿದರು, ಕುಂಬಳಕಾಯಿ ಹೊತ್ತ ಒಬ್ಬಾಕೆ ಹತ್ತಿದಳು. ನನಗೆ ಸುಮ್ಮನಿರಲು ಆಗುತ್ತದೆಯೇ? ಕುಂಬಳಕಾಯಿ ಈಚೆ, ಮೇಷ್ಟ್ರು ಆಚೆ ಎಂದು ಹೊಂದಿಸಿ, ಛಾವಣಿಗೆ ಎರಡು ಪೆಟ್ಟು ಬಡಿದು, "ರೈಟ್! ಪೋಯಿ!" ಎಂದೆ. ಬಿಮಲನಿಗೆ ತುಳು ಬರುವುದಿಲ್ಲ. ಗಾಡಿ ಹೊರಟಿತು.

ಕಡಲ ತೀರದಲ್ಲಿ ಇಳಿದಾಗ ನಾನು ದುಡ್ಡು ತೆಗೆದೆ. ಬಿಮಲ್ ಕೈ ಅಡ್ಡ ಹಿಡಿದ. "ದಾದಾ, ರಸ್ತೆ ಒಂದೇ ಅಲ್ಲವೇ, ನಾನು ಹೇಗೂ ಬರುವವನೇ" ಎಂಬ ಅರ್ಥದಲ್ಲಿ ಏನೋ ಹೇಳಿದ. ನಾನು ಸ್ಟಾಫ್ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ದೋಣಿಯಲ್ಲಿ ಇಬ್ಬರಿಗೆ ಜಾಗ ಸಿಕ್ಕಿತು. ನೀರಿನ ಅಡಿಯಲ್ಲಿ ಏನೇನಿತ್ತು ಎಂದು ವರ್ಣಿಸಲು ನನಗೆ ಬರುವುದಿಲ್ಲ. ನಾನು ಹೆಚ್ಚಾಗಿ ವಾರಿಜಳನ್ನೇ ನೋಡುತ್ತಿದ್ದೆ. ಅವಳು ಗಾಜಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಹಳದಿ ಮೀನು, ಪಟ್ಟೆ ಮೀನು, ಗಿಳಿಬಣ್ಣದ ಮೀನು. ಆಮೇಲೆ ಬೆಳ್ಳಿಬಣ್ಣದ ಒಂದು ದೊಡ್ಡ ಹಿಂಡು ಬಂದು, ಇಡಿಯಾಗಿ ಫಕ್ಕನೆ ತಿರುಗಿ ಹೋಯಿತು.

"ಬಂಗುಡೆಯ ಹಾಗೆ ಉಂಟಲ್ವಾ?" ಎಂದು ನನ್ನ ತೊಡೆಗೆ ಬಡಿದಳು. "ಹೀಗೆ ತಿರುಗ್ತದಾ ಇದು? ನಾನು ನೋಡಿದ್ದು ಯಾವಾಗಲೂ ಮಲಗಿದ್ದನ್ನೇ!"

ಬೀಡಿ ಎಲೆಗೆ ಬಗ್ಗಿ ಬಗ್ಗಿ ಕುತ್ತಿಗೆ ನೋವು ಎನ್ನುವವಳು ದೋಣಿ ದಡಕ್ಕೆ ಬರುವವರೆಗೂ ತಲೆ ಎತ್ತಲಿಲ್ಲ.

ಹಿಂದಿರುಗುವಾಗ ದುರಸ್ತಿಯಾದ ಬಸ್ಸು ಸಿಕ್ಕಿತು. ಎರಡು ಟಿಕೆಟ್ ತೆಗೆದುಕೊಂಡು ಒಂದೇ ಸೀಟಿನಲ್ಲಿ ಕುಳಿತೆವು. ಆಗ ಹೊಳೆಯಿತು, ನಾವಿಬ್ಬರೂ ಬಸ್ಸಿನಲ್ಲಿ ಒಟ್ಟಿಗೆ ಕುಳಿತದ್ದೇ ಇಲ್ಲ. ಊರಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ನಾನು ಬಾಗಿಲಲ್ಲಿ. ಇದನ್ನು ಹೇಳೋಣ ಎಂದು ತಿರುಗಿದರೆ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಬಸ್ಸು ಬಹಳ ನಿಧಾನ ಹೋಯಿತು. ಆ ಡ್ರೈವರನ ಬಗ್ಗೆ ನಾನು ಏನೂ ಅನ್ನಲಿಲ್ಲ.

ಊರಿಗೆ ಬಂದ ಮೇಲೆ ಒಂದು ವಿಷಯ ನಡೆಯಿತು. ಶಕ್ತಿನಗರದಲ್ಲಿ ನಮ್ಮ ಓಣಿಯ ಮೇಲಿನ ಮನೆ ಲಿಲ್ಲಿ ಟೀಚರದ್ದು, ಈಗ ನಿವೃತ್ತರು. ಮಣ್ಣಗುಡ್ಡದಲ್ಲಿರುವ ಮಗಳ ಮಗುವನ್ನು ನೋಡಿಕೊಳ್ಳಲು ದಿನಾ ತಮ್ಮ ಸಣ್ಣ ಕಾರಿನಲ್ಲಿ ಹೋಗುತ್ತಾರೆ. ಮೊದಲೆಲ್ಲ ನನ್ನನ್ನು ಕಂಡಾಗ ನಿಲ್ಲಿಸಿ, "ಬರ್ತೀರಾ?" ಎಂದು ಕೇಳುತ್ತಿದ್ದರು. "ಬೇಡ ಟೀಚರ್, ಬಸ್ ಉಂಟು" ಎನ್ನುತ್ತಿದ್ದೆ. ಕೇಳಿ ಕೇಳಿ ಬೇಸತ್ತು ನಿಲ್ಲಿಸುವುದನ್ನೇ ಬಿಟ್ಟಿದ್ದರು. ಒಂದು ಬೆಳಗ್ಗೆ ಅವರ ಕಾರು ಬರುವಾಗ ನಾನು ಕೈ ಎತ್ತಿದೆ.

ಟೀಚರ್ ಗಕ್ಕನೆ ಬ್ರೇಕ್ ಹಾಕಿ ಗಾಜು ಇಳಿಸಿದರು. "ಅಯ್ಯೋ ದೇವರೇ, ಎಂತಾಯ್ತು? ವಾರಿಜನಿಗೆ ಹುಷಾರಿಲ್ವಾ?"

"ಎಂತ ಇಲ್ಲ ಟೀಚರ್. ನೀವು ಹೇಗೂ ಆ ಕಡೆ ಹೋಗ್ತೀರಲ್ಲ. ನಾನೂ ಬರ್ತೇನೆ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟು ವರ್ಷ ಕರೆದಾಗ ನಮ್ಮ ಕಾರಿಗೆ ಎಂತ ಮುಳ್ಳು ಇತ್ತಾ? ಹತ್ತಿ. ಬೆಲ್ಟ್ ಹಾಕಿ. ಆ ಕಡೆದಲ್ಲ, ಈ ಕಡೆದು."

ಈಗ ಎರಡನೆಯ ಪಾಳಿ ಇರುವ ದಿನಗಳಲ್ಲಿ ನಾನು ಅವರ ಜೊತೆಯೇ ಹೋಗುವುದು. ನನ್ನ ರಜೆಯ ದಿನ ಪೇಟೆಗೆ ಹೋಗುವುದಿದ್ದರೆ ವಾರಿಜಳೂ ಬರುತ್ತಾಳೆ. ಆಗ ಅವಳು ಮುಂದೆ, ನಾನು ಹಿಂದೆ. ಅವರಿಬ್ಬರ ಮಾತು ಮುಗಿಯುವುದಿಲ್ಲ. ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ನನ್ನದು ಎಂದು ಹೇಳಿಕೊಳ್ಳಲು ಈಗ ಇರುವುದು ಇಷ್ಟು: ಮೂರು ಕೋಣೆಯ ಒಂದು ಮನೆ, ಅದರ ಹಿಂದೆ ಕಾಯಿ ಬಿಡುವ ಎರಡು ತೆಂಗಿನ ಮರ, ದುಡಿಯುವ ಮಗಳು ಒಬ್ಬಳು, ಹೆಂಡತಿ ಒಬ್ಬಳು, ಖಾಕಿ ಅಂಗಿ ನಾಲ್ಕು. ವಾಹನ ಇಲ್ಲ.