ಬಿಳಿ ಹೊಗೆ ಕಂಡರೆ ಬಾ

ದೊಡ್ಡೀರಪ್ಪನ ಊರಿಗೂ ಫೋನು ಬಂದಿತ್ತು. ತಪ್ಪಿಸಿಕೊಂಡು ಹೋಗದಿರಲೆಂದು ಪಂಚಾಯ್ತಿಯವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಹೊಲದ ನಡುವಿನ ಒಂಟಿ ಮನೆಯಿಂದ, ದೂರದ ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುವ ಅವನನ್ನು ಕರೆಯಲು ಅವ್ವ ಜೋಗಮ್ಮನಿಗಿದ್ದ ದಾರಿ ಒಂದೇ: ಕೆಂಡದ ಮೇಲೆ ಹಸಿ ತಂಗಡಿ ಸೊಪ್ಪು ಒಟ್ಟುವುದು. ಹಿಂಜಿದ ಅರಳೆಯಂಥ ಬಿಳಿ ಹೊಗೆ ಏಳುತ್ತಿತ್ತು. ನೆಂಟರು ಬಂದರೂ ಅದೇ ಹೊಗೆ, ಹಾವು ಬಂದರೂ ಅದೇ. ಹೀಗಾಗಿ ಅವನು ಎರಡಕ್ಕೂ ದೊಣ್ಣೆ ಹಿಡಿದೇ ಬರುತ್ತಿದ್ದ.

ತೊಂಬತ್ತೆಂಟರ ಕಾರ್ತಿಕದಲ್ಲಿ ಹೆಂಡತಿ ಸಿದ್ದಕ್ಕ ತುಂಬು ಬಸುರಿ. "ನೋವು ಶುರುವಾದ್ರೆ ಹೊಗೆ ಹಾಕವ್ವ, ಓಡಿಹೋಗಿ ಜೀಪು ತರ್ತೀನಿ" ಎಂದು ಹೇಳಿಯೇ ಹೋಗಿದ್ದ.

ಇಳಿಹೊತ್ತಿನಲ್ಲಿ ಜೊತೆಗಾರ ಕ್ಯಾತಣ್ಣ ಪಡುವಣಕ್ಕೆ ಕೈ ತೋರಿಸಿದ. "ಲೇ, ನಿಮ್ಮನೆ ಕಡೆ ಏನೋ ಎದ್ದೈತೆ ನೋಡ್ಲೇ."

ಕಣ್ಣು ಕುಕ್ಕುವ ಬಾನಿಗೆ ಅಡ್ಡವಾಗಿ ಕೆಂದುಬಣ್ಣದ ತೆಳು ಎಳೆಯೊಂದಿತ್ತು.

"ಸುಂಟ್ರುಗಾಳಿ ಕಣ್ಲೇ. ಹೊಗೆ ಬೆಳ್ಳಗಿರ್ತೈತೆ. ಕೆಂಧೂಳು ಎಬ್ಬಿಸಾಕೆ ನಮ್ಮವ್ವ ಏನು ಲಾರಿನಾ?"

ಇಬ್ಬರೂ ನಕ್ಕರು.

ಅತ್ತ ಜೋಗಮ್ಮ, ಸೊಸೆಯನ್ನು ಬಿಟ್ಟು ಸೊಪ್ಪು ತರಲು ಹೋಗಲಾರದೆ, ಬೇಗ ಹತ್ತಲೆಂದು ಒಣ ಜಾಲಿ ಕಡ್ಡಿ ಉರಿಸಿದ್ದಳು. ಅವಳು ನಿಂತಲ್ಲಿಂದ, ಕಪ್ಪು ಗುಡ್ಡದ ಎದುರಿಗೆ, ಹೊಗೆ ನೀಲಿಯಾಗಿ ಚೆನ್ನಾಗಿಯೇ ಕಾಣುತ್ತಿತ್ತು. "ಕಂಡಿರ್ತೈತೆ, ಬರ್ತಾನೆ, ತಡಕಳವ್ವ" ಎನ್ನುತ್ತಲೇ ಇದ್ದಳು.

ಕುರಿ ಹೊಡೆದುಕೊಂಡು ಅವನು ಅಂಗಳಕ್ಕೆ ಬಂದಾಗ ಒಳಗೆ ಕೂಗಿರಲಿಲ್ಲ. ತಾಯಿಯದೂ ಇಲ್ಲ, ಮಗುವಿನದೂ ಇಲ್ಲ.

ಸಿದ್ದಕ್ಕನ ತಿಥಿಗೆ ಬಂದ ಹನುಮಂತರಾಯ ಮೇಷ್ಟ್ರು ಸಮಾಧಾನಕ್ಕೆಂದು ವಿಜ್ಞಾನ ಹೇಳಿದರು. ಪಾಪ, ಅವರ ಬಳಿ ಇದ್ದದ್ದು ಅದೊಂದೇ.

"ಒಣ ಕಡ್ಡಿ ಹೊಗೇಲಿ ಕಣಗಳು ಭಾಳ ಸಣ್ಣವು ದೊಡ್ಡೀರಪ್ಪ. ಬೆಳಕಿನಾಗಿರೋ ನೀಲೀನ ಸುತ್ತ ಚೆದುರಿಸ್ತವೆ, ಕೆಂಪನ್ನ ನೆಟ್ಟಗೆ ಬಿಡ್ತವೆ. ಹಿಂದೆ ಕಪ್ಪು ಗುಡ್ಡ ಇದ್ರೆ ನೀಲಿ, ಹಿಂದೆ ಬೆಳಕಿನ ಆಕಾಶ ಇದ್ರೆ ಕೆಂದು. ಹಸಿ ಸೊಪ್ಪಿನ ಹೊಗೇಲಿ ಹನಿ ದಪ್ಪ, ಎಲ್ಲಾ ಬಣ್ಣಾನೂ ಒಂದೇ ಸಮ ಚೆದುರಿಸ್ತವೆ. ಅದಕ್ಕೇ ಬಿಳಿ. ಹಳೇ ಟೈರು ಸುಟ್ಟಿದ್ರೂ ಮಸಿ ಬೆಳಕನ್ನೇ ನುಂಗಿ ಕರ್ರಗೆ ಕಾಣ್ತಿತ್ತು. ನಿಮ್ಮವ್ವ ಕಂಡಿದ್ದೂ ನಿಜ, ನೀನು ಕಂಡಿದ್ದೂ ನಿಜ."

"ಹಂಗಾರೆ ಸುಳ್ಳು ಯಾವ್ದು ಸಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಈಗಲೂ ಜೋಗಮ್ಮನ ಒಲೆಯ ಪಕ್ಕದಲ್ಲಿ ತಂಗಡಿ ಸೊಪ್ಪಿನ ಹೊರೆ ಇರುತ್ತದೆ. ಬಾಡಿದರೆ ಎಸೆದು ಹಸಿಯದನ್ನು ತರುತ್ತಾಳೆ. ಕರೆಸಿಕೊಳ್ಳಬೇಕಾದವನು ಕುರಿ ಮಾರಿ, ಕಾವಲಿನ ದಾರಿ ಬಿಟ್ಟು, ಅವಳೆದುರಿಗೇ ಕೂತಿದ್ದಾನೆ.