ಅತ್ತೆ ಹಾಕಿದ ತೇಪೆ

ನಮ್ಮತ್ತೆ ಶಾಲೆಗಳಿಗೆ ಗ್ಲೋಬ್ ಮಾಡುವ ಕಾರ್ಖಾನೆಯಲ್ಲಿ ತೇಪೆ ಹಾಕುತ್ತಿದ್ದರು. ಕ್ರಾಂತಿಯಾಗಿ ಗಡಿ ಬದಲಾದಾಗಲೆಲ್ಲ ಹಳೆಯ ಗ್ಲೋಬುಗಳು ಅವರ ಮೇಜಿಗೆ ವಾಪಸು ಬರುತ್ತಿದ್ದವು. ಚಕ್ರವರ್ತಿಯನ್ನು ಓಡಿಸಿದ ಮೇಲೆ ನಮ್ಮ ಸಾಮ್ರಾಜ್ಯ ಮೂರು ದೇಶವಾದಾಗ, ಮೂರು ಬಣ್ಣದ ಕಾಗದ ಕತ್ತರಿಸಿ, ಮೈದಾ ಅಂಟು ಸವರಿ, ಹಳೆಯದರ ಮೇಲೆ ಕೂರಿಸಿದರು. ಅವುಗಳಲ್ಲಿ ಎರಡು, ಉಂಡು ಮಲಗಿದ ಗಂಡ ಹೆಂಡಿರಂತೆ, ಮತ್ತೆ ಒಂದಾದಾಗ ಅದರ ಮೇಲೊಂದು ತೇಪೆ. ಆಮೇಲೆ ಸೇನೆಯವರು ಬಂದರು, ಇನ್ನೊಂದು ತೇಪೆ. ನಮ್ಮ ಮನೆ ದೇಶದಿಂದ ದೇಶಕ್ಕೆ ಹೋಗಿ ಬಂತು, ಒಲೆ ಮಾತ್ರ ಇದ್ದಲ್ಲೇ ಇತ್ತು.

"ಹಳೇ ಕಾಗದ ಕೆರೆದು ತೆಗೀಬಾರದಾ ಅತ್ತೆ? ಗಂಟುಗಂಟಾಗಿ ಕಾಣುತ್ತೆ!" ಎಂದು ನಾನೊಮ್ಮೆ ಸಿಡುಕಿದೆ. ನನಗೆ ಎಲ್ಲವೂ ನೀಟಾಗಿರಬೇಕು.

"ಕೆರೆದ್ರೆ ತೂತಾಗುತ್ತೆ ಕಣೆ. ಇವರಿವರ ಜಗಳಕ್ಕೆ ಭೂಮಿ ಯಾಕೆ ತೂತಾಗ್ಬೇಕು?" ಎಂದು ಅಂಟಿನ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಆ ಸೆರಗು ಒಗೆಯುವವಳು ನಾನು.

ಅತ್ತೆ ಕೆಲಸ ಬಿಡುವಾಗ ಕಾರ್ಖಾನೆಯವರು ಯಾವ ಶಾಲೆಗೂ ಬೇಡವಾದ ಗ್ಲೋಬೊಂದನ್ನು ಉಡುಗೊರೆ ಕೊಟ್ಟರು. ತೇಪೆಗಳ ಭಾರಕ್ಕೆ ಅದು ಎಷ್ಟು ತಿರುಗಿಸಿದರೂ ನಮ್ಮ ಭಾಗವನ್ನೇ ಕೆಳಗೆ ಮಾಡಿ ನಿಲ್ಲುತ್ತದೆ. ಬಂದವರಿಗೆಲ್ಲ ತೋರಿಸಿ ಅತ್ತೆ ನಗುತ್ತಾರೆ.

ನಮ್ಮದು ಅಂಗೈಯಂಥ ಬಯಲು ಸೀಮೆ. ನಿನ್ನೆ ನನ್ನ ಮಗಳು ಗ್ಲೋಬಿನ ಮೇಲೆ ಕೈಯಾಡಿಸುತ್ತ ಒಂದು ಕಡೆ ಬೆರಳು ನಿಲ್ಲಿಸಿದಳು.

"ಅಜ್ಜಿ, ಇಲ್ಲಿ ದೊಡ್ಡ ಬೆಟ್ಟ ಇದೆ!"

ಅತ್ತೆ ಕನ್ನಡಕ ಏರಿಸಿ ನೋಡಿದರು.

"ಬೆಟ್ಟ ಅಲ್ಲ ಪುಟ್ಟಿ, ಅದು ನಮ್ಮನೆ."