ಹಿಂದಿನ ಗೆರೆಯ ಕುರ್ಚಿ

ನನಗೆ ಕಂಡಿತ್ತು, ಶಾಹೀನ್. ನೀನು ಎತ್ತಿ ಹೊಡೆದ ಆ ಶಟಲ್ ಹಿಂದಿನ ಗೆರೆಯ ಮೇಲೆಯೇ ಬಿದ್ದಿತ್ತು. ನನ್ನ ಕುರ್ಚಿಯಿಂದ ಸ್ಪಷ್ಟವಾಗಿ ಕಂಡಿತ್ತು — ಆದರೂ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು, ಕಾಣಲಿಲ್ಲ ಎಂದು ತೋರಿಸಿದೆ.

ಇಷ್ಟು ಬರೆಯಲು ಬೆಳಗಿನಿಂದ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದೂ ಸುಳ್ಳೇ. ಎದ್ದು ಕಿಟಕಿಗೆ ಹೋಗುತ್ತೇನೆ, ಗ್ಯಾಸ್ ಮೇಲಿಟ್ಟ ಚಹಾ ಮರೆಯುತ್ತೇನೆ, ರ‍್ಯಾಕೆಟ್ಟಿನ ಹಿಡಿಗೆ ಸುತ್ತಿದ ಪಟ್ಟಿ ಬಿಚ್ಚಿ ಮತ್ತೆ ಸುತ್ತುತ್ತೇನೆ. ಅಮ್ಮ ಎರಡು ಸಲ ಇಣುಕಿ, ಏನಾಗಿದೆ ನಿನಗೆ, ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೀಯಲ್ಲ ಎಂದು ಗೊಣಗಿ ಹೋದಳು. ನಮ್ಮ ಕನ್ನಡ ಸಂಘದವರು ವಾರ್ಷಿಕ ಸಂಚಿಕೆಗೆ ನನ್ನ ಆಟದ ಮೊದಲ ದಿನಗಳ ಬಗ್ಗೆ ಬರೆದುಕೊಡು ಎಂದಿದ್ದಾರೆ. ಇದನ್ನೇ ಕೊಡುತ್ತೇನೆ. ನನ್ನ ಕನ್ನಡದ ತಪ್ಪು ತಿದ್ದುವವಳು ಅಮ್ಮ, ಹಾಗಾಗಿ ಮೊದಲು ಓದುವವಳೂ ಅವಳೇ. ಅದು ಬೇರೆ ಹೆದರಿಕೆ.

ನಾವಿಬ್ಬರೂ ಮುಂಬೈಯ ಮುಲುಂಡಿನ ಒಂದೇ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಕಲಿತವರು. ನಮ್ಮ ಮನೆಯವರು ಕುಂದಾಪುರದ ಕಡೆಯವರು, ನಿಮ್ಮವರು ವಿಜಯಪುರದವರು. ಉಳಿದ ಮಕ್ಕಳೆಲ್ಲ ಹಿಂದಿ, ಮರಾಠಿ. ಹಾಗಾಗಿ ಡಬಲ್ಸ್ ಆಡುವಾಗ ಕನ್ನಡವೇ ನಮ್ಮ ಗುಟ್ಟಿನ ಭಾಷೆ. ನೀನು ತಲೆಯೆತ್ತಿ ಶಟಲ್ ನೋಡುತ್ತ ಹಿಂದಕ್ಕೆ ಓಡುವಾಗ ಗೆರೆ ನೋಡುವುದು ನನ್ನ ಕೆಲಸ. ಹೊರಗೆ ಬೀಳುವಂತಿದ್ದರೆ ‘ಬಿಡು’ ಎಂದು ಕೂಗುತ್ತಿದ್ದೆ. ಒಮ್ಮೆಯೂ ಅನುಮಾನಿಸದೆ ನೀನು ರ‍್ಯಾಕೆಟ್ ಇಳಿಸುತ್ತಿದ್ದೆ. ನನ್ನ ಕಣ್ಣು ತಪ್ಪುತ್ತಿದ್ದದ್ದು ಅಪರೂಪ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ದಿನ ನೀನು ನನ್ನನ್ನು ನಂಬಬಾರದಿತ್ತು — ಇಲ್ಲ, ಇದನ್ನೂ ನಿನ್ನ ತಲೆಗೆ ಕಟ್ಟುವುದು ಬೇಡ.

ಆಗ ನಮಗೆ ಹದಿನಾಲ್ಕು. ವಿಲೆ ಪಾರ್ಲೆಯಲ್ಲಿ ಆಯ್ಕೆಯ ಪಂದ್ಯಗಳು. ಸೆಮಿಫೈನಲ್ ತಲುಪಿದವರಿಗೆ ರಾಜ್ಯದ ಕ್ಯಾಂಪಿನಲ್ಲಿ ಜಾಗ. ನಿನ್ನ ಅಪ್ಪ, ನನ್ನ ಪಾಲಿನ ಚಾಚಾ, ಶಾಲೆಯ ಬಸ್ ಓಡಿಸುತ್ತಿದ್ದರು. ಪಾಳಿ ಬದಲಿಸಿಕೊಂಡು ನಿನ್ನನ್ನು ಊರೆಲ್ಲ ಕರೆದೊಯ್ಯುತ್ತಿದ್ದರು. ಮುಂದಿನ ವರ್ಷದಿಂದ ತಮ್ಮ ಕೈಲಾಗುವುದಿಲ್ಲ, ಕ್ಯಾಂಪಿಗೆ ಹೆಸರು ಬಂದರೆ ಅಲ್ಲಿಯವರೇ ಇಟ್ಟುಕೊಂಡು ಕಲಿಸುತ್ತಾರೆ, ಇಲ್ಲದಿದ್ದರೆ ಆಟ ಸಾಕು ಎಂದು ಅವರು ನನ್ನ ಎದುರಿಗೇ ಹೇಳಿದ್ದರು. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿಯೂ ನನಗಿಲ್ಲ.

ನಾನು ಬೆಳಿಗ್ಗೆಯೇ ಸೋತಿದ್ದೆ. ನಮ್ಮ ಜೂನಿಯರ್ ಪಂದ್ಯಗಳಲ್ಲಿ ಗೆರೆ ನೋಡಲು ಜನ ಸಾಲುವುದಿಲ್ಲ. ಬೆಳಿಗ್ಗೆ ಸೋತವರ ಕೈಗೆ ಒಂದು ವಡಾಪಾವ್ ಕೊಟ್ಟು, ಕಣ್ಣೀರು ಒಣಗುವ ಮೊದಲೇ ಮಧ್ಯಾಹ್ನದ ಪಂದ್ಯಗಳಿಗೆ ಗೆರೆಯ ಪಕ್ಕ ಕೂರಿಸುತ್ತಾರೆ. ನಿನ್ನ ಕ್ವಾರ್ಟರ್‌ಫೈನಲ್‌ಗೆ ನನ್ನನ್ನು ಹಿಂದಿನ ಗೆರೆಗೆ ಕೂರಿಸಿದಾಗ ಎದುರಾಳಿಯ ಕೋಚ್ ಜಗಳಕ್ಕೇ ನಿಂತರು — ಇವಳು ಅವಳ ಜೋಡಿ, ಅವಳ ಪರವಾಗಿಯೇ ಕೈ ತೋರಿಸುತ್ತಾಳೆ ಎಂದು. ಬೇರೆ ಯಾರೂ ಇಲ್ಲ ಎಂದು ಅಂಪೈರ್ ಅವರನ್ನು ಸುಮ್ಮನಾಗಿಸಿದರು. ನಾನು ಗೆಳತಿಗೆ ಅನುಕೂಲ ಮಾಡಿಬಿಟ್ಟರೆ ಎಂಬ ಭಯ ಅಲ್ಲಿದ್ದವರಿಗೆಲ್ಲ ಇತ್ತು. ಇನ್ನೊಂದು ಬಗೆಯ ಭಯ ಯಾರಿಗೂ ಹೊಳೆಯಲಿಲ್ಲ. ನನ್ನನ್ನು ಆ ಕುರ್ಚಿಯಲ್ಲಿ ನೋಡಿ ನಿನ್ನ ಮುಖ ಹಗುರಾಯಿತು.

ಮೂರನೆಯ ಗೇಮ್. ಇನ್ನು ಒಂದೇ ಪಾಯಿಂಟ್ ಸಿಕ್ಕರೆ ನೀನು ಗೆದ್ದಂತೆ. ನೀನು ಎತ್ತರಕ್ಕೆ ಎತ್ತಿದೆ. ಹೊರಗೆ ಬೀಳುತ್ತದೆ ಎಂದು ಎದುರಿನವಳು ಬಿಟ್ಟುಬಿಟ್ಟಳು. ಶಟಲ್ ಗೆರೆಯ ಬಿಳಿ ಬಣ್ಣದ ಮೇಲೆ ಬಿದ್ದು ಪಕ್ಕಕ್ಕೆ ಹೊರಳಿತು. ಒಳಗೆ ಬಿದ್ದರೆ ಬಾಯಿ ತೆರೆಯುವ ಅಗತ್ಯವೂ ಇಲ್ಲ, ಬಲಗೈ ಚಾಚಿ ಗೆರೆ ತೋರಿಸಿದರೆ ಆಯಿತು. ಕಾಣದಿದ್ದಾಗ ಮಾತ್ರ ಎರಡೂ ಕೈ ಕಣ್ಣಿಗೆ. ನನ್ನ ಬಲಗೈ ತೊಡೆಯಿಂದ ಎದ್ದಿತ್ತು, ನೆನಪಿದೆ — ಎದ್ದಿತ್ತು. ಅಷ್ಟರಲ್ಲಿ, ನೀನು ಕ್ಯಾಂಪಿನಲ್ಲಿ, ನಾನು ಮುಲುಂಡಿನಲ್ಲಿ, ನನ್ನ ‘ಬಿಡು’ ಕೇಳುವವರೇ ಇಲ್ಲದೆ… ಅಷ್ಟೇನಾ? ಅಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರು ಹುಡುಕಿ ಹುಡುಕಿ ಸುಸ್ತಾಗಿದ್ದೇನೆ. ಎದ್ದ ಕೈ ಕಣ್ಣಿಗೆ ಹೋಯಿತು, ಅದರ ಹಿಂದೆಯೇ ಇನ್ನೊಂದೂ ಹೋಯಿತು.

ಅಂಪೈರ್‌ಗೂ ಸರಿಯಾಗಿ ಕಂಡಿರಲಿಲ್ಲ. ಪಾಯಿಂಟ್ ಮತ್ತೆ ಆಡಿ ಎಂದರು. ನೀನು ನನ್ನತ್ತ ನೋಡಿ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದೆ. ಆಮೇಲೆ ನಿನ್ನ ಹೊಡೆತಗಳು ಒಂದರ ಹಿಂದೊಂದು ನೆಟ್ಟಿಗೆ ಬಿದ್ದವು. ನೀನು ಸೋತೆ.

ಹಿಂತಿರುಗುವಾಗ ದಾದರ್ ರೈಲು ನಿಲ್ದಾಣದ ಸೇತುವೆಯ ಮೇಲೆ ನಾನೇ ಬಿಕ್ಕಿ ಬಿಕ್ಕಿ ಅತ್ತೆ. ನೀನು ಅಳಲಿಲ್ಲ. ಚಾಚಾ ಜನರ ನಡುವೆ ನಿಂತು ನನ್ನ ಬ್ಯಾಗನ್ನೂ ತಮ್ಮ ಹೆಗಲಿಗೆ ಏರಿಸಿಕೊಂಡರು.

“ನೀ ಯಾಕ ಅಳ್ತಿ ಬೇಟಾ? ಕಾಣಲಿಲ್ಲ, ಕಾಣಲಿಲ್ಲ ಅಂದಿ. ಖರೇ ಹೇಳಿದವರು ಅಳಬಾರ್ದು.”

ಮುಲುಂಡ್ ಬರುವವರೆಗೂ ಆ ಬ್ಯಾಗನ್ನು ಅವರು ನನಗೆ ಕೊಡಲೇ ಇಲ್ಲ.

ಮರುವರ್ಷ ನಾನು ಆ ಕ್ಯಾಂಪಿಗೆ ಹೋದೆ. ನೀನು ರ‍್ಯಾಕೆಟ್ ಬಿಟ್ಟೆ, ಓದಿದೆ, ಈಗ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೆಲಸ ಮಾಡುತ್ತೀಯ. ನನ್ನ ಹೆಸರು ಪತ್ರಿಕೆಯಲ್ಲಿ ಬರತೊಡಗಿತು. ಬಂದಾಗಲೆಲ್ಲ ಮೊದಲ ಮೆಸೇಜ್ ನಿನ್ನದೇ. ಕಳೆದ ತಿಂಗಳು ಸಂಘದವರು ನನಗೆ ಶಾಲು ಹೊದಿಸಿದರು. ಅಂದು ಯಾರೂ ಕರೆಯದೆ ನೀನೇ ವೇದಿಕೆ ಹತ್ತಿ ಮೈಕ್ ಹಿಡಿದೆ.

“ರಕ್ಷಾ ಮನಸ್ ಮಾಡಿದ್ರ ಆವತ್ತ ನನಗ ಪಾಯಿಂಟ್ ಕೊಡಬಹುದಿತ್ತು. ದೋಸ್ತಿ ಅಂತ ಸುಳ್ಳ ಹೇಳಲಿಲ್ಲ. ಅದಕ್ಕ ಇಕಿ ಇವತ್ತ ಇಲ್ಲಿದ್ದಾಳ.”

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಚಾಚಾ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು. ನಾನು ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ನಕ್ಕೆ — ಹೌದು, ನಕ್ಕೆ. ಮೊದಲ ತಪ್ಪು ಹದಿನಾಲ್ಕು ವರ್ಷದ ಹುಡುಗಿಯದು ಎನ್ನಬಹುದು. ಈ ನಗು ಯಾರದು?

ಅಂದಿನಿಂದ ನಿದ್ದೆ ಸರಿಯಿಲ್ಲ, ಆಟವೂ ಸರಿಯಿಲ್ಲ. ಕ್ಯಾಂಪಿಗೆ ಹೋಗಿದ್ದರೂ ನೀನು ದೊಡ್ಡ ಆಟಗಾರ್ತಿ ಆಗುತ್ತಿದ್ದೆಯೋ ಇಲ್ಲವೋ ಎಂಬ ವಾದವನ್ನು ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತು ನನ್ನೊಳಗೇ ಎಷ್ಟು ಸಲ ಮಾಡಿದ್ದೇನೋ. ಗೆಲ್ಲುವುದು ಯಾವಾಗಲೂ ನಾನೇ, ಯಾಕೆಂದರೆ ಆ ವಾದದಲ್ಲಿ ನೀನು ಇರುವುದಿಲ್ಲ. ನಿನ್ನ ಆಟ ಎಲ್ಲಿಯವರೆಗೆ ಹೋಗುತ್ತಿತ್ತು ಎಂದು ಆಡಿ ತಿಳಿಯಬೇಕಾದವಳು ನೀನು. ಅದನ್ನು ನಾನು ಕಿತ್ತುಕೊಂಡೆ, ಮೇಲಿಂದ ನಿನ್ನ ಬಾಯಿಂದಲೇ ಹೊಗಳಿಕೆಯನ್ನೂ ಕೇಳಿದೆ.

ಸಂಚಿಕೆಯಲ್ಲಿ ಓದಿ ನಿನಗೆ ತಿಳಿಯುವುದು ಬೇಡ. ನಾಳೆ ಭಾನುವಾರ, ನಿನಗೂ ರಜೆ, ಚಾಚಾನೂ ಮನೆಯಲ್ಲಿರುತ್ತಾರೆ. ಬರುತ್ತೇನೆ. ಬಾಗಿಲಲ್ಲೇ ನಿಂತು ಹೇಳುತ್ತೇನೆ, ಯಾಕೆಂದರೆ ಒಳಗೆ ಬಂದರೆ ಚಾಚಾ ಚಹಾ ತರಿಸುತ್ತಾರೆ, ಚಹಾ ಕುಡಿದರೆ ನನಗೆ ಮತ್ತೆ ಧೈರ್ಯ ಬರುವುದಿಲ್ಲ. ನನಗೆ ಕಂಡಿತ್ತು ಎನ್ನುತ್ತೇನೆ. ಆಮೇಲೆ ನೀವಿಬ್ಬರೂ ನನ್ನನ್ನು ನೋಡುತ್ತೀರಿ, ಹೇಗೆ ನೋಡುತ್ತೀರೋ ಗೊತ್ತಿಲ್ಲ. ಎಷ್ಟು ಹೊತ್ತು ನೋಡಿದರೂ ನಾನು ಕೈಯೆತ್ತಿ ಕಣ್ಣು ಮುಚ್ಚಿಕೊಳ್ಳುವುದಿಲ್ಲ.